ಭೂತಗನ್ನಡಿಯ ಕನ್ನಡಕ

ಆ ಮನೆಯಲ್ಲಿ ಅಂಗಡಿಯಿಂದ ಬಂದ ಪೊಟ್ಟಣ ನೆಟ್ಟಗೆ ಡಬ್ಬಿ ಸೇರುವಂತಿರಲಿಲ್ಲ. ಮೊದಲು ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಕೂರಬೇಕು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಹುಡುಗಿ ಬಂದು ಅದನ್ನು ಮಗುಚಿ, ಬೆಳಕಿಗೆ ಹಿಡಿದು, ಬೆನ್ನಿನ ಮೇಲಿನ ಇರುವೆಸಾಲಿನಂಥ ಅಕ್ಷರಗಳನ್ನು ಓದಿ, "ಹಲಾಲೇ, ತಿನ್ನಬಹುದು" ಅಂದರೆ ಮಾತ್ರ ಅದಕ್ಕೆ ಕತ್ತರಿ ಬೀಳುತ್ತಿತ್ತು. ಅನುಮಾನ ಬಂತೋ, ಬಂದ ದಾರಿಗೆ ಸುಂಕವಿಲ್ಲದೆ ಅಂಗಡಿಗೆ ವಾಪಸು. ಮನೆಯವರು ಅವಳಿಗೆ ಇಟ್ಟ ಹೆಸರು ಭೂತಗನ್ನಡಿ.

ನಾಲ್ಕು ಜನರ ಎದುರು ಬಾಯಿ ಬಿಡಲು ನಾಚುವವಳು ಅವಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಸೆರಗು ಹಿಡಿದು ದೊಡ್ಡಪ್ಪನ ಮನೆಗೆ ಬಂದವಳು. ಊಟದ ಹೊತ್ತಿಗೆ ಕೊನೆಯ ತಟ್ಟೆ ಅವಳದು. ಆ ಕಿಟಕಿಕಟ್ಟೆಯ ಹತ್ತಿರ ಮಾತ್ರ ಅವಳ ಮಾತು ನಡೆಯುತ್ತಿತ್ತು. ಅಷ್ಟೇ ಅವಳ ಆಸ್ತಿ.

ದೊಡ್ಡಪ್ಪನದು ತಿಂಡಿ ಪೊಟ್ಟಣಗಳ ಸಗಟು ವ್ಯಾಪಾರ. "ನಮ್ಮ ಹುಡುಗಿ ಓದಿ ನೋಡಿದಾಳೆ" ಎಂಬ ಮಾತನ್ನೂ ಅವನು ಸರಕಿನ ಜೊತೆಗೇ ಅಂಗಡಿ ಅಂಗಡಿಗೆ ಇಳಿಸಿ ಬರುತ್ತಿದ್ದ. ನಡುವೆ ಬಿಳಿ ನೊರೆ ತುಂಬಿದ ಒಂದು ಬಿಸ್ಕತ್ತು ಹಾಗೇ ಅವಳ ಕೈಯಲ್ಲಿ ಪಾಸಾಗಿ ಬೀದಿಯ ಮನೆಮನೆ ಸೇರಿತ್ತು.

ಒಮ್ಮೆ ಪಾಸಾದದ್ದನ್ನು ಮತ್ತೆ ಕಟ್ಟೆಗೇರಿಸುವ ಪದ್ಧತಿ ಅವರಲ್ಲಿರಲಿಲ್ಲ. ಅವತ್ತು ಅಭ್ಯಾಸಬಲಕ್ಕೆ ಅವಳ ಕೈ ಆ ಪೊಟ್ಟಣವನ್ನು ಮಗುಚಿತು. ಅದೇ ಬಣ್ಣ, ಅದೇ ಚಿತ್ರ. ಸಕ್ಕರೆಯ ಪಕ್ಕದಲ್ಲಿ ಮಾತ್ರ ಹೊಸ ನೆಂಟನಂತೆ ಒಂದು ಪದ ಬಂದು ಕೂತಿತ್ತು: ಜೆಲಟಿನ್. ಪ್ರಾಣಿಯ ಚರ್ಮ, ಮೂಳೆ ಬೇಯಿಸಿ ತೆಗೆಯುವ ಅಂಟು. ಯಾವ ಪ್ರಾಣಿ ಎಂದು ಬರೆದಿರಲಿಲ್ಲ. ಗೊತ್ತಿಲ್ಲದವರಿಗೆ ಫೋನು ಮಾಡುವುದೆಂದರೆ ಅವಳಿಗೆ ಜ್ವರ ಬಂದಂತೆ. ಆದರೂ ಪೊಟ್ಟಣದ ಮೇಲಿನ ನಂಬರಿಗೆ ಮಾಡಿದಳು. ಆ ಕಡೆಯ ಹೆಂಗಸು ಯಾರನ್ನೋ ಕೇಳಿಕೊಂಡು ಬಂದು ಸಲೀಸಾಗಿ ಹೇಳಿದಳು: "ಹಂದಿದು ಮೇಡಂ. ಈಚೆಗೆ ಬದಲಾಯಿಸಿದ್ದು."

"ಕಂಪನಿಯವರೇ ಹೇಳಿದ್ರು ದೊಡ್ಡಪ್ಪ."

ದೊಡ್ಡಪ್ಪ ಗೋದಾಮಿನಲ್ಲಿ ಸೂರು ಮುಟ್ಟಿದ್ದ ರಟ್ಟಿನ ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದ. "ಸರಿ, ನೋಡ್ತೀನಿ. ನೀನು ಯಾರ ಹತ್ರಾನೂ ಆಡಬೇಡ."

ನೋಡಿದ್ದು ಅಷ್ಟೇ. ವ್ಯಾನು ಮಾರನೆಯ ದಿನವೂ ಅದೇ ಬಿಸ್ಕತ್ತು ಹೊತ್ತು ಹೋಯಿತು.

ಪಕ್ಕದ ಮನೆಯ ಟೈಲರಮ್ಮ ಹೊಲಿದ ಬಟ್ಟೆ ಕೊಡಲು ಬಂದವಳು ಬಾಗಿಲಲ್ಲೇ ಶುರು ಹಚ್ಚಿದಳು. "ಅಂಗಡೀಲಿ ಆ ನೊರೆ ಬಿಸ್ಕತ್ತನ್ನ ನಿನ್ನ ಹೆಸರು ಹೇಳಿ ಕೊಡ್ತಾರೆ ಕಣೇ. ನೀನು ಓದಿದ್ದು ಅಂದ್ರೆ ಮುಗೀತು, ನಾನು ಕಣ್ಣು ಮುಚ್ಕೊಂಡು ಮಕ್ಕಳಿಗೆ ಕೊಡ್ತೀನಿ."

ಫೋನಿನಲ್ಲಿ ಕೇಳಿದ ಮಾತು ಹುಡುಗಿಯ ಬಾಯಿಗೆ ಬಂದು ನಿಂತಿತು. ನುಂಗಲಾರಳು, ಉಗುಳಲಾರಳು. ಕೊನೆಗೆ ಉಗುಳಿದಳು.

"ಕೊಡಬೇಡಿ ಅಕ್ಕ. ಅದರಲ್ಲಿ ಹಂದಿದು ಸೇರಿದೆ."

ಟೈಲರಮ್ಮನಿಗೆ ಕತ್ತರಿಗಿಂತ ನಾಲಿಗೆ ಚುರುಕು. ಸಂಜೆಯೊಳಗೆ ಅರ್ಧ ಬೀದಿ ದೊಡ್ಡಪ್ಪನ ಬಾಗಿಲಲ್ಲಿತ್ತು. ಈಗ ಬೈಯುತ್ತಾನೆ, ಸುಳ್ಳಿ ಅನ್ನುತ್ತಾನೆ ಎಂದು ಹುಡುಗಿ ಒಳಕೋಣೆಯ ಬಾಗಿಲ ಸಂದಿಯಲ್ಲಿ ಕಾದಳು. ದೊಡ್ಡಪ್ಪ ಹಾಗೇನೂ ಅನ್ನಲಿಲ್ಲ. ನಿಟ್ಟುಸಿರು ಬಿಟ್ಟ.

"ಏನು ಹೇಳ್ಲಿ ನಿಮಗೆ. ಓದಿ ಓದಿ ಮಗೂಗೆ ಕಣ್ಣು ಮಂಜಾಗಿದೆ. ಒಂದನ್ನ ಇನ್ನೊಂದು ಅಂತ ಓದ್ತಾಳೆ. ಹೆಣ್ಣುಮಗು ನೋಡಿ, ಅದಕ್ಕೇ ಹೊರಗೆ ಹೇಳಿರಲಿಲ್ಲ. ನಾಳೆ ಕನ್ನಡಕ ಮಾಡಿಸ್ತೀನಿ."

ಪಾಪ, ಪಾಪ ಎನ್ನುತ್ತ ಜನ ಕರಗಿದರು.

"ನಾನು ಫೋನಲ್ಲಿ ಕೇಳಿದ್ದಮ್ಮ," ಎಂದಳು ಹುಡುಗಿ. "ಕಿವಿಗೂ ಕನ್ನಡಕ ಹಾಕಿಸ್ತಾರಾ?"

ಅಮ್ಮ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ತಲೆ ಮೇಲಿರೋ ಸೂರು ಯಾರದು ಅನ್ನೋದು ಕಾಣತ್ತಲ್ಲ ನಿನಗೆ? ಅಷ್ಟು ಕಂಡ್ರೆ ಸಾಕು."

ಕನ್ನಡಕದಂಗಡಿಯವನು ಗೋಡೆಯ ಹಲಗೆಯ ಕೊನೆಯ ಸಾಲು ತೋರಿಸಿದ. ಅವಳು ಅದನ್ನು ಓದಿ, ಅದರ ಕೆಳಗೆ ಮೂಲೆಯಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಓದಿದಳು. ಅವನು ನಕ್ಕ. "ಹದ್ದಿನ ಕಣ್ಣು ಸಾರ್. ಏನೂ ಬೇಕಾಗಿಲ್ಲ."

"ಬೇಕು," ಎಂದ ದೊಡ್ಡಪ್ಪ. "ಬರೀ ಗಾಜು ಹಾಕಿ ಕೊಡಿ. ಫ್ರೇಮು ಮಾತ್ರ ದಪ್ಪದ್ದಿರಲಿ, ಎದುರಿಗೆ ಬಂದೋರಿಗೆ ಕಾಣೋ ಹಾಗೆ."

ಅದನ್ನು ಅವಳ ಮೂಗಿನ ಮೇಲೆ ಕೂರಿಸಿದವಳು ಅಮ್ಮ. ಟೈಲರಮ್ಮನ ಎದುರಿಗೇ. "ಈಗ ಚೆನ್ನಾಗಿ ಕಾಣತ್ತಂತೆ," ಎಂದಳು, ಮಗಳ ಮುಖ ನೋಡದೆ.

"ನನಗೆ ಆಗ್ಲೇ ಅನ್ನಿಸ್ತು ಬಿಡಿ," ಎಂದು ಟೈಲರಮ್ಮ ಹುಡುಗಿಯ ಗಲ್ಲ ಸವರಿದಳು. ಅವಳ ಸೊಂಟದ ಮೇಲಿದ್ದ ಕೂಸಿನ ಬಾಯ ಸುತ್ತ ಬಿಳಿ ನೊರೆ ಅಂಟಿತ್ತು.

ಅಂದಿನಿಂದ ಪೊಟ್ಟಣಗಳು ಕಟ್ಟೆಯ ಮೇಲೆ ತಂಗದೆ ನೇರ ಡಬ್ಬಿಗೆ ಹೋದವು. ಕಟ್ಟೆಯ ಮೇಲೆ ಯಾರೋ ಪಾತ್ರೆ ಒರೆಸುವ ಬಟ್ಟೆ ಒಣಹಾಕಿದರು.

ಒಂದು ಮಧ್ಯಾಹ್ನ ಅಜ್ಜಿ, ದೊಡ್ಡಪ್ಪನ ತಾಯಿ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಬಟ್ಟೆಯನ್ನು ಸರಿಸಿ ಆ ಬಿಸ್ಕತ್ತಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟಳು.

"ಅದನ್ನ ತೆಗೆದಿಟ್ಟು ಓದು," ಎಂದಳು ಅಜ್ಜಿ, ಕನ್ನಡಕದ ಕಡೆ ಬೆರಳು ಮಾಡಿ.

ಹುಡುಗಿ ತೆಗೆದಳು. ಓದುವ ಅಗತ್ಯವಿರಲಿಲ್ಲ, ಆದರೂ ಬೆಳಕಿಗೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದಳು. "ಅದೇ ಇದೆ ಅಜ್ಜಿ. ಹಂದಿದೇ."

"ಹೂಂ. ನನ್ನ ಮಗ ಅವತ್ತು ಅಷ್ಟು ಮೆತ್ತಗೆ ಮಾತಾಡಿದಾಗ್ಲೇ ಗೊತ್ತಾಯ್ತು ನನಗೆ."

ಅಜ್ಜಿ ಪೊಟ್ಟಣವನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿ, ಮೇಲೆ ತರಕಾರಿ ಸಿಪ್ಪೆ ಮುಚ್ಚಿದಳು. ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ಹುಡುಗಿ ಬರಿಗಣ್ಣಲ್ಲಿ ಅವಳನ್ನೇ ನೋಡುತ್ತ, ಇನ್ನೊಂದು ಮಾತು ಬಂದೀತೆಂದು ನಿಂತಳು.

ಬಂತು.

"ಹಾಕ್ಕೋ ಅದನ್ನ. ಯಾರೋ ಬರ್ತಿದಾರೆ."