ಕಾಗೆಗಿಟ್ಟ ಅನ್ನ ನರಿಯ ಪಾಲು

ಮೇ ತಿಂಗಳ ಎರಡನೆಯ ವಾರ ಐರ್ಲೆಂಡಿನ ಮೇನೂತ್ ಎಂಬ ಊರಿನ ಒಂದು ಬಡಾವಣೆಯ ಬೇಲಿಯ ಬುಡದಲ್ಲಿ ಯಾರೋ ಕೋಳಿಮಾಂಸಕ್ಕೆ ವಿಷ ಬೆರೆಸಿ ಇಟ್ಟರು. ಒಂದು ಗಂಡು ನರಿ ಸತ್ತಿತು. ಅಲ್ಲೇ ಇರುವ ಬರ್ನಡೆಟ್ ಎಂಬವಳು ಸಾಕಿದ್ದ ಬೆಕ್ಕೂ ಸತ್ತಿತು.

ಹೆಣ್ಣು ನರಿ ಉಳಿಯಿತು. ಅದರ ಮೂರು ಮರಿಗಳಿದ್ದದ್ದು ಅದೇ ಸಾಲಿನ ಅನಸೂಯಾಳ ಹಿತ್ತಲಿನ ಮರದ ಶೆಡ್ಡಿನ ಕೆಳಗೆ. ಕೊರೊನಾದ ಮೊದಲ ವರ್ಷ ಅದು. ಐದು ಕಿಲೋಮೀಟರಿನಾಚೆ ಯಾರೂ ಹೋಗುವಂತಿರಲಿಲ್ಲ.

ಎರಡು ಮನೆ ಆಚೆಯ ಕನ್ನಡಿಗ ರೋಯ್ಸ್ಟನ್ ಮಾಸ್ಕ್ ಏರಿಸಿಕೊಂಡು ಗೇಟಿಗೆ ಬಂದ.

“ನಮ್ಮ ಶೆರಿನ್ ಬೆಳಿಗ್ಗೆ ಎದ್ದು ನೋಡ್ತಾಳೆ, ಎರಡು ಮೊಲದಲ್ಲಿ ಒಂದಿಲ್ಲ. ಮಗು ಊಟ ಬಿಟ್ಟಿದೆ. ವಿಷ ನಾನಿಟ್ಟಿಲ್ಲ, ದೇವರಾಣೆ. ಆದ್ರೆ ಬಿಲ ನಿಮ್ಮ ಹಿತ್ತಲಲ್ಲಿದೆ. ಶನಿವಾರ ಕಲ್ಲು, ಸಿಮೆಂಟ್ ತಂದ್ಕೊಡ್ತೀನಿ, ಮುಚ್ಚಿಬಿಡಿ.”

“ಮುಚ್ಚೋಣ ಬಿಡಪ್ಪ,” ಎಂದ ಅನಸೂಯಾಳ ಗಂಡ ಸುರೇಶ. “ನರಿ ಮುಖ ನೋಡಿ ಎದ್ರೆ ಅದೃಷ್ಟ ಅಂತಾರೆ. ತಿಂಗಳಿಂದ ದಿನಾ ನೋಡ್ತಿದೀನಿ, ಕ್ಷೌರಕ್ಕೂ ಗತಿಯಿಲ್ಲ!”

ಅನಸೂಯಾ ನಗಲಿಲ್ಲ. ಏಪ್ರಿಲ್‌ನಲ್ಲಿ ಅವಳ ಅಪ್ಪ ಕುಂದಾಪುರದಲ್ಲಿ ತೀರಿಕೊಂಡಿದ್ದರು. ವಿಮಾನವಿರಲಿಲ್ಲ. ಚಿತೆ ಉರಿದದ್ದನ್ನು ಫೋನಿನಲ್ಲಿ ನೋಡಿದಳು. ಅಂದಿನಿಂದ ದಿನವೂ ಮಧ್ಯಾಹ್ನ ಶೆಡ್ಡಿನ ಪಕ್ಕ ಸ್ಟೀಲಿನ ತಟ್ಟೆಯಲ್ಲಿ ಅನ್ನ, ತೊವ್ವೆ, ತುಪ್ಪ ಇಟ್ಟು ಕಾಗೆಯನ್ನು ಕರೆಯುತ್ತಿದ್ದಳು. ತಿರುಗಿ ನೋಡದೆ ಒಳಗೆ ಬರುತ್ತಿದ್ದಳು. ಸಂಜೆಗೆ ತಟ್ಟೆ ನೆಕ್ಕಿದಂತೆ ಖಾಲಿ. ಅಪ್ಪ ಉಂಡರು ಎಂದು ಕಣ್ಣೊರೆಸಿಕೊಂಡು ತಟ್ಟೆ ತೊಳೆಯುತ್ತಿದ್ದಳು.

ಆ ದಿನ ಮಗಳು ತನ್ವಿ ಮಹಡಿಯ ಕಿಟಕಿಯಿಂದ ತೆಗೆದ ವಿಡಿಯೋ ತೋರಿಸಿದಳು. ಪಕ್ಕೆಲುಬು ಕಾಣುವ ತಾಯಿ ನರಿ ತಟ್ಟೆಯನ್ನು ನೆಕ್ಕುತ್ತಿತ್ತು.

“ಅಮ್ಮಾ, ದಟ್ಸ್ ದ ಫಾಕ್ಸ್,” ಎಂದಿತು ಮಗು ಮೆಲ್ಲಗೆ. “ನಾಟ್ ಅಜ್ಜ.”

ಪಕ್ಕದ ಮನೆಯ ಬರ್ನಡೆಟ್ ಕರಾವಳಿಯವಳೇ, ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸ್. ಅನಸೂಯಾ ಬೇಲಿಯ ಈಚೆ ನಿಂತು ಅವಳನ್ನು ಕೇಳಿದಳು: “ಹಾಗಾದ್ರೆ ನರೀನ ಕರೆದು ಕೂರಿಸಿದ್ದು ನಾನೇನಾ?”

“ನೀನೊಬ್ಬಳೇ ಅಲ್ಲ ಮಾರಾಯ್ತಿ. ರೋಯ್ಸ್ಟನ್ ಮನೆ ಕಸದ ಬಿನ್ನು ಯಾವಾಗ್ಲೂ ಬಾಯಿ ಬಿಟ್ಕೊಂಡೇ ಇರುತ್ತೆ. ಮೊಲದ ಗೂಡಿಗೆ ಕೋಳಿಗೂಡಿನ ತೆಳ್ಳಗಿನ ಜಾಲರಿ, ಅದನ್ನ ನರಿ ಹಲ್ಲಲ್ಲೇ ಹರಿಯುತ್ತೆ. ಸುಲಭದ ಊಟ ಕಂಡ್ರೆ ಬಾಣಂತಿ ಬಿಡ್ತಾಳಾ?”

“ನಿನ್ನ ಬೆಕ್ಕು ಹೋಯ್ತಲ್ಲ, ಸಿಟ್ಟು ಬರಲ್ವಾ?”

“ಬರುತ್ತೆ. ವಿಷ ಇಟ್ಟವರ ಮೇಲೆ. ಅದು ಇಲ್ಲಿ ಅಪರಾಧ ಕಣೇ. ವಿಷಕ್ಕೆ ನರಿ ಯಾವುದು, ಬೆಕ್ಕು ಯಾವುದು, ಆಡೋ ಮಗು ಯಾವುದು ಗೊತ್ತಾಗುತ್ತಾ? ಈಗ ಬಿಲ ಮುಚ್ಚಿದ್ರೆ ಮರಿ ಒಳಗೇ ಸಾಯ್ತಾವೆ, ತಾಯಿ ಹೊರಗೆ ಕೆರೀತಾ ಇರುತ್ತೆ. ಇಲ್ಲಿನ ಬೇಸಿಗೆ ಮುಗಿಯೋದ್ರೊಳಗೆ ಅವೇ ಬಿಟ್ಟು ಹೋಗ್ತಾವೆ. ಆಮೇಲೆ ಶೆಡ್ಡಿನ ಸುತ್ತ ಗಟ್ಟಿ ಜಾಲರಿ ಹೊಡಿ, ನಾನೂ ಬರ್ತೀನಿ.”

“ಅಪ್ಪನಿಗೆ ಅನ್ನ?”

“ಇಡು, ಬೇಡ ಅನ್ನಲ್ಲ. ಆದ್ರೆ ಅಲ್ಲೇ ನಿಂತ್ಕೋ. ಕಾಗೆ ಮುಟ್ಟಿದ ಮೇಲೆ ತಟ್ಟೆ ಒಳಗೆ ತಗೋ. ಅಷ್ಟಾದ್ರೆ ಗ್ರ್ಯಾಂಡ್, ಸಾಕು.”

ಮರುದಿನ ಅನಸೂಯಾ ಬೆನ್ನು ತಿರುಗಿಸಲಿಲ್ಲ. ಅರ್ಧ ಗಂಟೆ ನಿಂತ ಮೇಲೆ ಒಂದು ಕಾಗೆ ಇಳಿದು ಒಂದು ತುತ್ತು ಎತ್ತಿಕೊಂಡು ಹಾರಿತು. ಅವಳು ತಟ್ಟೆಯನ್ನು ಎದೆಗೊತ್ತಿಕೊಂಡು ಒಳಗೆ ತಂದಳು. ಸುರೇಶ ಎಲ್ಲವನ್ನೂ ಕಿಟಕಿಯಿಂದ ನೋಡಿದ. ಬೆಸುಗೆ ಹಾಕಿದ ದಪ್ಪ ತಂತಿ ಜಾಲರಿಯ ಒಂದು ಸುರುಳಿ ತರಿಸಿದ.

ಶನಿವಾರ ರೋಯ್ಸ್ಟನ್ ಕೈಗಾಡಿ ತುಂಬ ಕಲ್ಲು ತಂದ. ಶೆಡ್ಡಿನ ಅಡಿಯಿಂದ ಕುಂಯ್ ಎಂಬ ಸಣ್ಣ ಸದ್ದು. ಅನಸೂಯಾ ಬಿಲದ ಮುಂದೆ ನಿಂತಳು.

“ಶೆರಿನ್ ಅತ್ತಿದ್ದು ನನಗೂ ಕೇಳಿಸಿದೆ ರೋಯ್ಸ್ಟನ್. ಉಳಿದ ಮೊಲಕ್ಕೆ ಇವತ್ತೇ ಇವರು ಗೂಡು ಕಟ್ಟಿಕೊಡ್ತಾರೆ. ಅಡಿಗೂ ಜಾಲರಿ, ಬಾಗಿಲಿಗೆ ಬೋಲ್ಟು. ಕತ್ತಲಾಗೋ ಮುಂಚೆ ಮೊಲ ಒಳಗೆ ತಗೊಳ್ಳಿ. ಬಿನ್ನಿನ ಮುಚ್ಚಳ ಹಾಕಿ. ನಾನು ತಟ್ಟೆ ಹೊರಗೆ ಬಿಡಲ್ಲ.”

“ಬಡಾವಣೆ ಗ್ರೂಪಲ್ಲಿ ಎಲ್ಲರೂ ಮುಚ್ಚಿ ಅಂತಿದಾರೆ!”

“ಅನ್ನಲಿ. ಅಪ್ಪನ ಮುಖ ನೋಡೋ ಬಾಗಿಲು ನನಗೆ ಮುಚ್ಚಿತ್ತು. ತಾಯಿಗೂ ಮಕ್ಕಳಿಗೂ ನಡುವೆ ನನ್ನ ಕೈಯಿಂದ ಇನ್ನೊಂದು ಮುಚ್ಚಿಸಬೇಡಿ.”

ಸುರೇಶ ಜಾಲರಿಯನ್ನು ಹೆಗಲಿಗೇರಿಸಿ ರೋಯ್ಸ್ಟನ್ನನ ಮನೆಯ ಕಡೆ ಹೊರಟೇಬಿಟ್ಟ.

ಓದುತ್ತಿರುವವರೇ, ಈ ಬಡಾವಣೆಗಳು ಏಳುವ ಮುಂಚೆ ಇಲ್ಲಿ ಹೊಲವಿತ್ತು, ಹೊಲದಲ್ಲಿ ನರಿಯಿತ್ತು. ಅದರ ಜಾಗದಲ್ಲಿ ಮನೆ ಕಟ್ಟಿ ಅದನ್ನೇ ಕಳ್ಳ ಎನ್ನುತ್ತೇವೆ. ನಿಮ್ಮ ಮೊಲ, ನಿಮ್ಮ ಕೋಳಿ ನಿಮ್ಮ ಹೊಣೆ. ಇಂದೇ ಗೂಡಿನ ಜಾಲರಿ ಎಳೆದು ನೋಡಿ, ಹೊರಗಿರುವ ಅನ್ನ ಒಳಗೆ ತನ್ನಿ. ಆಮೇಲೂ ಯಾರಾದರೂ ನಿಮ್ಮ ಕೈಗೆ ವಿಷವನ್ನೋ ಕಲ್ಲನ್ನೋ ಕೊಟ್ಟರೆ, ಅನಸೂಯಾ ಆ ಶನಿವಾರ ಕೈ ಕಟ್ಟಿ ನಿಂತು ಕೊನೆಗೆ ಹೇಳಿದ್ದನ್ನೇ ಹೇಳಿ:

“ಮುಚ್ಚಲ್ಲ. ಕಲ್ಲು ವಾಪಸ್ ತಗೊಂಡು ಹೋಗಿ.”