ಹಿಟ್ಟಿಗಾಗಿ ಒತ್ತಿದ ಬೆರಳು

ಪೊಲೀಸಿನವನು ಮುಸುಕು ಹಿಡಿದು ಜಗ್ಗಿದ ರಭಸಕ್ಕೆ ದಹಾಬೊ ಧೂಳಿನಲ್ಲಿ ಬೋರಲು ಬಿದ್ದಳು. ಬೆನ್ನಿಗೊಂದು ಬೂಟಿನೊದೆ ಬಿತ್ತು. ಅವಳ ಮಗಳು ಊಬಾಳನ್ನು ಆಗಲೇ ಲಾರಿಯತ್ತ ದಬ್ಬುತ್ತಿದ್ದರು.

ದೇಶದಲ್ಲಿ ನಿರಾಶ್ರಿತರು ಇಷ್ಟೇ ಇರಬೇಕೆಂದು ನೈರೋಬಿಯಲ್ಲಿ ಕುಳಿತವರು ಕಾನೂನು ಮಾಡಿದ್ದರು. ಹೆಚ್ಚಾದವರನ್ನು ಗಡಿಯಾಚೆ ಸೊಮಾಲಿಯಾಕ್ಕೆ, ಬಂದೂಕುಗಳ ಬಾಯಿಗೆ ನೂಕುವ ಕೆಲಸ ಬೆಳಿಗ್ಗೆಯಿಂದ ನಡೆದಿತ್ತು. ಆದರೆ ದಹಾಬೊ ನಿರಾಶ್ರಿತಳೇ ಅಲ್ಲ. ಅವಳೂ ಅವಳ ಅಜ್ಜಿಯೂ ಹುಟ್ಟಿದ್ದು ಇದೇ ಕೀನ್ಯಾದ ನೆಲದಲ್ಲಿ. ಹನ್ನೆರಡು ವರ್ಷದ ಹಿಂದೆ ಬರಗಾಲಕ್ಕೆ ಒಂಟೆಗಳೆಲ್ಲ ಸತ್ತಾಗ, ಊರಿನ ಅರ್ಧ ಜನ ಮಾಡಿದಂತೆ ಅವಳೂ ನಿರಾಶ್ರಿತರ ಶಿಬಿರಕ್ಕೆ ಹೋಗಿ, ಗಡಿ ದಾಟಿ ಬಂದೆವೆಂದು ಸುಳ್ಳು ಹೇಳಿ, ತನ್ನ ಬೆರಳನ್ನೂ ಐದು ವರ್ಷದ ಮಗಳ ಬೆರಳನ್ನೂ ಬೆರಳಚ್ಚಿನ ಯಂತ್ರಕ್ಕೆ ಒತ್ತಿ ಪಡಿತರ ಚೀಟಿ ಪಡೆದಿದ್ದಳು. ಅವತ್ತು ಸುಳ್ಳಿಗೆ ಹಿಟ್ಟು ಸಿಕ್ಕಿತ್ತು. ಇವತ್ತು ‘ನಾನು ಇಲ್ಲಿಯವಳೇ ಸ್ವಾಮಿ’ ಎಂಬ ನಿಜಕ್ಕೆ ಒಂದು ಹಲ್ಲು ಹೋಗಿತ್ತು. ಯಂತ್ರ ಏನನ್ನೂ ಮರೆಯುವುದಿಲ್ಲ, ಹಾಳಾದ್ದು.

ಮಗಳನ್ನಾದರೂ ಉಳಿಸಿಕೊಳ್ಳಬೇಕಿತ್ತು. ದಾರಿ ಒಂದೇ ಇತ್ತು. ಆ ಬರಗಾಲದಲ್ಲಿ ಪಡಿತರ ಚೀಟಿಯಲ್ಲಿ ತಲೆ ಹೆಚ್ಚಿಸಲು ಅಕ್ಕಪಕ್ಕದವರ ಮಕ್ಕಳನ್ನು ಕಡ ತಂದು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಅದು ಲಾರಿಯ ಬಳಿ ನಿಂತಿದ್ದ ಪೊಲೀಸ್ ಅಧಿಕಾರಿಗೂ ಗೊತ್ತಿತ್ತು. ಹೆತ್ತವಳು ಗುರುತಿನ ಚೀಟಿ ಹಿಡಿದು ಬಂದರೆ ಅಂಥ ಮಗುವನ್ನು ಬಿಟ್ಟುಬಿಡುತ್ತಿದ್ದ. ಬೆಳಿಗ್ಗೆ ಇಬ್ಬರನ್ನು ಬಿಟ್ಟಿದ್ದ.

ನೋಡಲು ನೆರೆದ ಗುಂಪಿನಲ್ಲಿ ಅವಳ ಸವತಿ ಶುಕ್ರಿ ನಿಂತಿದ್ದಳು. ಗಂಡ ಸತ್ತ ಮೇಲೆ, ಅವನು ಬರಗಾಲ ಕಳೆದು ಕೊಂಡಿದ್ದ ಎರಡು ಒಂಟೆಗಳಿಗಾಗಿ ಜಗಳವಾಡಿ ನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಬರಗಾಲದಲ್ಲಿ ಚರ್ಮ ಬೇಯಿಸಿ ತಿಂದಳೇ ಹೊರತು ಶಿಬಿರದ ಬಾಗಿಲು ತುಳಿಯದ ಜಂಬದ ಹೆಂಗಸು. ಯಂತ್ರದಲ್ಲಿ ಅವಳ ಬೆರಳಿರಲಿಲ್ಲ, ಹಾಗಾಗಿ ಅವಳಿಗೆ ಕೀನ್ಯಾದ ಗುರುತಿನ ಚೀಟಿ ಸಿಕ್ಕಿತ್ತು.

“ಇವ್ಳು ನನ್ ಮಗಳಲ್ಲ!” ದಹಾಬೊ ಕಿರುಚಿದಳು. “ಹಿಟ್ಟಿಗೋಸ್ಕರ ಕಡ ತಂದಿದ್ದೆ. ಅಗೋ, ಆ ಶುಕ್ರಿ ಮಗಳು!”

“ಅಮ್ಮಾ...” ಎಂದಳು ಊಬಾ.

ದಹಾಬೊ ಎದ್ದವಳೇ ಅವಳ ಕೆನ್ನೆಗೆ ಬಾರಿಸಿದಳು. “ಯಾರೇ ನಿನ್ನಮ್ಮ? ಹೋಗೇ, ನಿನ್ನ ಹೆತ್ತವಳ ಹತ್ರ!”

ಶುಕ್ರಿ ದಹಾಬೊಳನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಇಲ್ಲವೆಂದು ತಲೆಯಾಡಿಸಿದ್ದರೆ ಎಲ್ಲ ಮುಗಿದಿತ್ತು. ಆಮೇಲೆ ಪಕ್ಕದ ಮುದುಕನ ಕೈಯಲ್ಲಿದ್ದ ಒಂಟೆ ಕಾಯುವ ಕೋಲನ್ನು ಕಿತ್ತುಕೊಂಡು ನೇರ ಬಂದಳು.

“ಕಳ್ಳಿ! ನನ್ ಕೂಸು ತೋರ್ಸಿ ಹೊಟ್ಟೆ ಹೊರ್ಕೊಂಡ್ಯೇನೇ?” ಮೊದಲ ಏಟು ಹೆಗಲಿಗೆ ಬಿತ್ತು. “ಒಂಟೆ ನುಂಗಿದ್ದು ಸಾಲ್ದೇನೇ ನಿಂಗೆ?” ಎರಡನೆಯದಕ್ಕೆ ಮುಂಗೈ ಮೂಳೆ ಲಟಕ್ಕೆಂದಿತು. ನಟನೆಯೇನಲ್ಲ, ನಾಲ್ಕು ವರ್ಷದ ಸಿಟ್ಟೆಲ್ಲ ಆ ಕೋಲಿನಲ್ಲಿತ್ತು. ಹೊಡಿ ತಾಯಿ, ಇನ್ನೂ ಹೊಡಿ, ನಿನ್ನ ಕೈ ತಣ್ಣಗಿರಲಿ ಎಂದು ದಹಾಬೊ ಒಳಗೊಳಗೇ ಹರಸಿದಳು.

ಅಧಿಕಾರಿ ಹೊಟ್ಟೆ ಹಿಡಿದು ನಕ್ಕ. ಶುಕ್ರಿಯ ಚೀಟಿ ನೋಡಿ ಊಬಾಳನ್ನು ಅವಳತ್ತ ತಳ್ಳಿದ. ದಹಾಬೊಳನ್ನು ಪೊಲೀಸರು ಮೂಟೆಯಂತೆ ಲಾರಿಗೆ ಎಸೆದರು. ಅಷ್ಟರಲ್ಲಿ ಅಧಿಕಾರಿಯ ಕಣ್ಣು ಹುಡುಗಿಯ ಮೇಲೆ ಬಿತ್ತು.

“ಇವಳ್ಯಾಕೆ ಹಿಂಗೆ ನಡುಗ್ತಿದಾಳೆ? ನಿನ್ನ ಹೆಸರಲ್ಲಿ ಉಂಡವಳಲ್ವೇನೇ ಅವಳು? ನೀನೂ ಒಂದು ಹಾಕು, ನೋಡೋಣ.”

ಶುಕ್ರಿ ಬಗ್ಗಿ ಕಲ್ಲೊಂದನ್ನೆತ್ತಿ ಹುಡುಗಿಯ ಕೈಗಿಟ್ಟು, “ಹೊಡಿ ಮಗಳೇ” ಎಂದಳು, ಮೆಲ್ಲಗೆ.

ಊಬಾ ಕಲ್ಲು ಹಿಡಿದು ನಿಂತೇ ಇದ್ದಳು. ಅಧಿಕಾರಿಯ ನಗು ನಿಂತಿತು. ದಹಾಬೊ ಲಾರಿಯ ಹಲಗೆಗೆ ಒರಗಿ, ಬಾಯಲ್ಲಿದ್ದ ರಕ್ತವನ್ನು ಮಗಳತ್ತ ಉಗಿದಳು. “ಥೂ, ನಾಯಿಮರಿ! ನಿಂಗೆ ಹಾಕಿದ ಹಿಟ್ಟೆಲ್ಲ ದಂಡ!”

ಕೈ ಮೇಲೆದ್ದಿತು. ಗುರಿ ತಪ್ಪದಿರಲಿ ದೇವರೇ ಎಂದು ತಾಯಿ ಬೇಡಿಕೊಂಡಳು.

ತಪ್ಪಲಿಲ್ಲ. ಹಣೆಯ ರಕ್ತ ಒಂದು ಕಣ್ಣನ್ನು ಮುಚ್ಚಿತು. ಲಾರಿ ಹೊರಟಾಗ ಇನ್ನೊಂದು ಕಣ್ಣಿಗೆ ಶುಕ್ರಿ ಕಂಡಳು. ಅಳು ಹೊರಗೆ ಕೇಳದಂತೆ ಅವಳು ಹುಡುಗಿಯ ಬಾಯನ್ನು ತನ್ನೆದೆಗೆ ಒತ್ತಿ ಹಿಡಿದಿದ್ದಳು.