ಅಧಿಕಮಾಸದ ಅಳತೆ

ಹೆಸರುಬೇಳೆ ರೊಟ್ಟಿ ಕೊಬ್ಬಿನಲ್ಲಿ ಬೇಯುವ ವಾಸನೆ, ಹಿಂದೆಲ್ಲ ಬಾಯಲ್ಲಿ ನೀರೂರಿಸುತ್ತಿದ್ದ ವಾಸನೆ, ಈಗ ಹೊಟ್ಟೆಯನ್ನು ತಿರುಚಿ ಗಂಟಲಿಗೆ ತರುತ್ತಿದೆ, ಅಮ್ಮ ಮಾತ್ರ ಬೆಂಚಿನ ಮೇಲೆ ಕುಳಿತು ಈರುಳ್ಳಿ ಕಚ್ಚಿಕೊಂಡು ತಿನ್ನುತ್ತಿದ್ದಾಳೆ, ನೀನೂ ತಿನ್ನೇ ಹೇರಾನ್, ಗುನ್ಸಾನ್‌ನಿಂದ ಸಿಯೋಲ್‌ವರೆಗೆ ಬಂದು ಗ್ವಾಂಗ್‌ಜಾಂಗ್ ಪೇಟೇಲಿ ಯಾರಾದ್ರೂ ಉಪವಾಸ ಕೂರ್ತಾರಾ, ಎಂದಳು, ಬಸ್ಸಲ್ಲಿ ತಲೆ ಸುತ್ತಿತಮ್ಮ, ಅಷ್ಟೇ, ಎಂದೆ. ಎರಡು ವಾರದಿಂದ ಈ ಅಷ್ಟೇ ಎನ್ನುವ ಮಾತಿನಲ್ಲೇ ದಿನ ತಳ್ಳುತ್ತಿದ್ದೇನೆ — ಹೊಟ್ಟೆಯಿಂದ ಯಕೃತ್ತಿಗೂ ಹಬ್ಬಿದೆ, ಚಳಿಗಾಲದ ತನಕ ಅಂತ ಇಟ್ಕೊಳ್ಳಿ, ಎಂದರು ಡಾಕ್ಟರು, ನಾನು ಬಗ್ಗಿ ನಮಸ್ಕರಿಸಿ ಹೊರಗೆ ಬಂದೆ, ಥೂ, ಅದಕ್ಕೂ ಒಂದು ನಮಸ್ಕಾರ. ಎಂಬತ್ತಾರರ ಅಮ್ಮನಿಗೆ ಏನೆಂದು ಹೇಳಲಿ, ಅವಳಿಗೆ ಇರುವುದು ನಾನೊಬ್ಬಳು, ಹೆತ್ತವರಿಗಿಂತ ಮೊದಲು ಹೋಗುವ ಮಕ್ಕಳಷ್ಟು ಪಾಪಿಗಳು ಇನ್ನಿಲ್ಲ ಎನ್ನುವ ಜನ ನಾವು, ಒಂದು ರಾತ್ರಿ ಅಮ್ಮನೇ ಮೊದಲು ಹೋಗಲಿ ಎಂದು ಬೇಡಿಕೊಂಡೆ, ಹೌದು, ನಾನೇ ಬೇಡಿಕೊಂಡೆ, ಮರುಬೆಳಿಗ್ಗೆ ಅವಳು ಗಂಜಿ ಬಡಿಸುವಾಗ ಮುಖ ನೋಡಲಾಗಲಿಲ್ಲ.

ಬಂದಿರುವುದು ಅವಳ ಹೆಣದ ಉಡುಪಿಗೆ. ಅಧಿಕಮಾಸದಲ್ಲಿ ದೇವರುಗಳಿಗೆ ಭೂಮಿಯ ಮೇಲೆ ಗಮನವಿರುವುದಿಲ್ಲವಂತೆ, ಆಗ ಯಾರ ಹೆಸರಿನಲ್ಲಿ ಅದನ್ನು ತೆಗೆದಿಡುತ್ತೇವೋ ಅವರ ಆಯಸ್ಸು ಬೆಳೆಯುತ್ತದಂತೆ, ಮಕ್ಕಳೇ ಕೊಡಿಸಬೇಕು, ಪಕ್ಕದ ಮನೆ ಮುದುಕಿಗೆ ಮಗ ಹಿಂದಿನ ಅಧಿಕಮಾಸದಲ್ಲೇ ಕೊಡಿಸಿದ, ಗುಂಡುಕಲ್ಲಿನ ಹಾಗಿದ್ದಾಳೆ ನೋಡು, ಎಂದು ಅಮ್ಮ ತಿಂಗಳಿಡೀ ಕುಟುಕಿದಳು, ಇನ್ನು ಎರಡೇ ದಿನ ಉಳಿದಿರುವಾಗ ಹೊರಟೆವು. ಹೊರಟವಳಿಗೆ ಅವಸರವಾದರೂ ಇದೆಯೇ, ಓಣಿ ಓಣಿ ಸುತ್ತಬೇಕು, ಹಾಸಿಗೆ ಅಂಗಡಿ, ಒಣಮೀನಿನ ಅಂಗಡಿ, ಬೇಡದ್ದಕ್ಕೆಲ್ಲ ಚೌಕಾಶಿ ಮಾಡಿ ಕೊಳ್ಳದೆ ಮುಂದೆ ಹೋಗಬೇಕು, ಮದುವೆ ರೇಷ್ಮೆಯ ಅಂಗಡಿಯ ಮುಂದೆ ನಿಂತು ನಿನ್ನ ಮದುವೆದು ಇದಕ್ಕಿಂತ ಚೆನ್ನಾಗಿತ್ತು ಅನ್ನಬೇಕು, ಇದ್ದಿರಲೇಬೇಕು, ನಲವತ್ತು ವರ್ಷ ಊರಿನ ಮದುವಣಗಿತ್ತಿಯರಿಗೆಲ್ಲ ಹೊಲಿದ ಕೈ ಅಮ್ಮನದು. ನಾನು ಹಿಂದೆ ಹಿಂದೆ ನಡೆಯುತ್ತೇನೆ, ಆಗಸ್ಟಿನ ಸೆಕೆ, ಅಗಲವಾದ ಅಂಗಿಯ ಒಳಗೆ ಎರಡೆರಡು ಬನಿಯನ್ನು, ಎಲುಬು ಕಾಣಬಾರದೆಂದು, ಬೆವರು ಬೆನ್ನಲ್ಲಿ ಇಳಿಯುತ್ತಿದೆ.

ಮಹಡಿಯ ಮೇಲೆ ನಾರುಬಟ್ಟೆಯ ಅಂಗಡಿಗಳ ಸಾಲು, ಸದ್ದಿಲ್ಲ, ಒಣಹುಲ್ಲಿನ ವಾಸನೆ, ಅಂಗಡಿಯಾಕೆ ಒಂದು ಉಡುಪನ್ನು ಬಿಡಿಸಿ ಹಾಸಿದಳು, ಅಮ್ಮ ಹೊಲಿಗೆಯನ್ನು ಉಗುರಿನಿಂದ ಸವರಿ ನೋಡಿದಳು, ದಾರಕ್ಕೆ ಎಲ್ಲೂ ಗಂಟಿರಬಾರದು, ಗಂಟಿದ್ದರೆ ಹೋಗುವ ಜೀವ ಸಿಕ್ಕಿಬೀಳುತ್ತದೆ, ಪರವಾಗಿಲ್ಲ ತಂಗಿ, ಕೈ ಚೆನ್ನಾಗಿದೆ ನಿಂದು. ಅಳತೆ ಕೊಡಿ ಅಜ್ಜಿ. ನನ್ನ ಬೆನ್ನು ಗೂನಾಗಿದೆ ಕಣಮ್ಮ, ಸತ್ತ ಮೇಲೆ ಹೇಗೂ ನೆಟ್ಟಗೆ ಮಲಗಿಸ್ತಾರೆ, ಇವಳದ್ದೇ ತಗೋ, ವಯಸ್ಸಲ್ಲಿ ನಂದೂ ಇದೇ ಮೈಕಟ್ಟು. ಬೇಡಮ್ಮ, ಎಂದೆ, ದನಿ ಹೆಚ್ಚೇ ಏರಿತೇನೋ, ಅಂಗಡಿಯಾಕೆ ನಕ್ಕಳು, ಹೆದರ್ಬೇಡಿ ಅಕ್ಕ, ಅಳತೆ ಕೊಟ್ಟೋರ್ಯಾರೂ ಸತ್ತಿಲ್ಲ, ಕೈ ಎತ್ತಿ. ಎತ್ತಿದೆ. ಟೇಪು ಬೆನ್ನ ಹಿಂದಿನಿಂದ ಬಂದು ಎದೆಯ ಮೇಲೆ ಕೂಡಿತು, ಎಪ್ಪತ್ತೊಂದು ಸೆಂಟಿಮೀಟರು, ಎಂದಳು. ಎಷ್ಟು, ಎಂದಳು ಅಮ್ಮ. ಎಪ್ಪತ್ತೊಂದು ಅಜ್ಜಿ. ಅವಳದ್ದು ಎಂಬತ್ತೆಂಟು, ಸರಿಯಾಗಿ ಹಿಡಿ.

ಅಂಗಡಿಯಾಕೆ ಮತ್ತೆ ಹಿಡಿದಳು, ಅಮ್ಮ ಎದ್ದು ಬಂದು ಟೇಪಿನ ಎರಡು ತುದಿ ಕೂಡುವಲ್ಲಿ ತನ್ನ ಎರಡು ಬೆರಳಿಟ್ಟು ಹಿಡಿದಳು, ಇನ್ನೊಂದು ಕೈ ನನ್ನ ಅಂಗಿಯೊಳಗೆ ಹೋಯಿತು, ಒಂದು ಬನಿಯನ್ನು, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಪಕ್ಕೆಲುಬು — ಎಷ್ಟು ದಿನದಿಂದ, ಎಂದಳು. ಅಷ್ಟೇ ಅಮ್ಮ, ಬಸ್ಸು, ತಲೆಸುತ್ತು, ಯಾವುದೂ ಬಾಯಿಗೆ ಬರಲಿಲ್ಲ, ಅಳು ಬಂತು, ಐವತ್ತನಾಲ್ಕರ ಹೆಂಗಸು ಕೈ ಎತ್ತಿಕೊಂಡು ನಿಂತು ಅತ್ತೆ. ಡಾಕ್ಟರಿಗೆ ತೋರಿಸ್ದೆಯಾ. ಹೂಂ. ಏನಂದ್ರು. ಚಳಿಗಾಲ, ಎಂದೆ. ಅಮ್ಮ ನನ್ನ ಮುಖ ನೋಡಲಿಲ್ಲ, ಬೆರಳುಗಳನ್ನೇ ನೋಡಿದಳು, ಆಮೇಲೆ ತಂಗಿ, ಚೀಟಿ ಬರಿ, ಎಂದಳು, ನನ್ನ ಹೆಸರು ಬೇಡ, ಹೇರಾನ್ ಅಂತ ಬರಿ. ಅಯ್ಯೋ ಅಜ್ಜಿ, ಹೆತ್ತವರು ಇರೋವಾಗ ಮಕ್ಕಳಿಗೆ ಯಾರೂ ತೆಗೆದಿಡಲ್ಲ, ಕೆಟ್ಟದು. ಆಯಸ್ಸು ಬೆಳೆಯುತ್ತೆ ಅಂತ ತಾನೆ ನೀವು ಮಾರೋದು, ಅಮ್ಮನ ದನಿ ಚೌಕಾಶಿಯ ದನಿಯೇ, ಎರಡು ದಿನ ಇದೆ ಇನ್ನೂ, ನಂಗೆ ಸಾಕು, ಇವಳಿಗೆ ಬರಿ, ಎಂಬತ್ತೆಂಟಕ್ಕೇ ಹೊಲಿ, ಮೈ ತುಂಬ್ಕೊಳ್ತಾಳೆ. ಅಂಗಡಿಯಾಕೆಯ ಪೆನ್ನು ಕಾಗದದ ಮೇಲೆ ಇಳಿಯುತ್ತಿಲ್ಲ, ನನ್ನ ಕೈ ಇನ್ನೂ ಮೇಲಿದೆ, ಕೆಳಗಿಳಿಸು ಎಂದು ಯಾರೂ ಹೇಳುತ್ತಿಲ್ಲ, ಎದೆಯ ಮೇಲೆ ಟೇಪು, ಟೇಪಿನ ಮೇಲೆ ಅಮ್ಮನ ಎರಡು ಬೆರಳು, ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದ ಬೆರಳು, ಬಿಡುತ್ತಿಲ್ಲ, ಎಪ್ಪತ್ತೊಂದರ ಮೇಲೆ ಅಮ್ಮನ ಎರಡು ಬೆರಳು